ಟರ್ಕಿ ಬೇಟೆಗೆ ಮೌತ್ ಕಾಲ್: ಮೊದಲ ‘ಶ್’ನಿಂದ ಕಾಡಿನ ತನಕ

ಮಾರ್ಚ್ ಬಂತೆಂದರೆ ನನಗೆ ಒಂದೇ ತರಹದ ಫೋನುಗಳು ಶುರು. “ಸಾರ್, ಆ ಬಾಯಲ್ಲಿಟ್ಟು ಊದೋ ಕಾಲ್ ತಗೊಂಡೆ. ಬರೀ ಪುಸ್ ಅಂತಿದೆ. ಪೀಸೇ ಸರಿ ಇಲ್ಲ ಅನ್ಸುತ್ತೆ.” ಪೀಸ್ ಸರಿಯಾಗಿಯೇ ಇರುತ್ತದೆ. ತಪ್ಪು ಆ ‘ಊದೋ’ ಅನ್ನುವ ಮಾತಿನಲ್ಲೇ ಇದೆ.

ನಾನಿರುವುದು ಪೆನ್ಸಿಲ್ವೇನಿಯಾದಲ್ಲಿ. ಟರ್ಕಿ ಅಂದರೆ ಇಲ್ಲಿನ ಕಾಡಿನ ಒಂದು ದೊಡ್ಡ ಕೋಳಿಯಂಥ ಹಕ್ಕಿ. ವಸಂತಕಾಲದ ಟರ್ಕಿ ಬೇಟೆ ಎಂದರೆ ಹೆಂಟೆಯ ಕೂಗು ಹಾಕಿ ಹುಂಜವನ್ನು ಹತ್ತಿರಕ್ಕೆ ಕರೆಸಿಕೊಳ್ಳುವುದು. ಆ ಕೂಗು ಹೊರಡಿಸುವ ಸಾಧನಕ್ಕೆ ಕಾಲ್ ಅನ್ನುತ್ತಾರೆ. ಪೆಟ್ಟಿಗೆಯಂಥ ಬಾಕ್ಸ್ ಕಾಲ್ ಇದೆ, ಕಡ್ಡಿಯಿಂದ ತೀಡುವ ಸ್ಲೇಟ್ ಕಾಲ್ ಇದೆ. ಎರಡನ್ನೂ ಒಂದು ಸಂಜೆಯಲ್ಲಿ ಕಲಿಯಬಹುದು. ಬಾಯೊಳಗಿಡುವ ಮೌತ್ ಕಾಲ್ ಮಾತ್ರ ಸತಾಯಿಸುತ್ತದೆ. ಆದರೆ ಹುಂಜ ಐವತ್ತು ಗಜದೊಳಗೆ ಬಂದು ನಿಂತಾಗ ಎರಡೂ ಕೈ ಬಂದೂಕಿನ ಮೇಲಿರಬೇಕು, ಬೆರಳು ಕೂಡ ಅಲುಗಬಾರದು. ಆ ಹೊತ್ತಿಗೆ ಕೆಲಸಕ್ಕೆ ಬರುವುದು ಇದೊಂದೇ.

ಸೋತವರನ್ನೆಲ್ಲ ನೋಡಿದ್ದೇನೆ. ಎಲ್ಲರೂ ಎಡವುವುದು ಒಂದೇ ಕಡೆ. ಪ್ಯಾಕೆಟ್ ಹರಿದ ಐದು ನಿಮಿಷಕ್ಕೆ ಪೂರ್ತಿ ಕೂಗು ಹೊರಡಿಸಲು ಹೋಗುತ್ತಾರೆ. ಬರುವುದಿಲ್ಲ. ಇನ್ನೂ ಜೋರಾಗಿ ಊದುತ್ತಾರೆ. ಕೆನ್ನೆ ನೋಯುತ್ತದೆ, ಕಾಲ್ ಡ್ರಾಯರ್ ಸೇರುತ್ತದೆ. ಹಾಗಾಗಿ ಕೆಳಗಿನ ಹಂತಗಳನ್ನು ಅದೇ ಕ್ರಮದಲ್ಲಿ ಮಾಡಿ. ಒಂದು ಬರುವ ತನಕ ಮುಂದಿನದಕ್ಕೆ ಕೈ ಹಾಕಬೇಡಿ.

ಇದು ಕೆಲಸ ಮಾಡುವ ಬಗೆ

ಕುದುರೆ ಲಾಳದ ಆಕಾರದ ಒಂದು ಪುಟ್ಟ ಅಲ್ಯೂಮಿನಿಯಂ ಫ್ರೇಮ್. ಅದರ ನಡುವೆ ಬಿಗಿಯಾಗಿ ಎಳೆದು ಕೂರಿಸಿದ ತೆಳು ಲೇಟೆಕ್ಸ್ ಪೊರೆ. ಇದಕ್ಕೆ ರೀಡ್ ಅನ್ನುತ್ತಾರೆ. ಸುತ್ತಲೂ ಮೆತ್ತನೆಯ ಟೇಪಿನ ಅಂಚು. ಇಷ್ಟೇ. ಟೇಪ್ ಅಂಗುಳಕ್ಕೆ ಅಂಟಿಕೊಂಡು ಮೇಲುಗಡೆ ಗಾಳಿ ಸೋರದಂತೆ ತಡೆಯುತ್ತದೆ. ನಾಲಿಗೆ ಕೆಳಗಿನಿಂದ ರೀಡನ್ನು ಒತ್ತುತ್ತದೆ. ನಾಲಿಗೆಗೂ ರೀಡಿಗೂ ನಡುವಿನ ಸಣ್ಣ ಸಂದಿಯಲ್ಲಿ ಗಾಳಿ ಹಾದಾಗ ರೀಡ್ ಅದುರುತ್ತದೆ.

ಚಿಕ್ಕವರಿದ್ದಾಗ ತೆಂಗಿನ ಗರಿ ಸುತ್ತಿ ಪೀಪಿ ಮಾಡಿದ್ದರೆ ನಿಮಗೆ ಅರ್ಧ ವಿದ್ಯೆ ಬಂದ ಹಾಗೆ. ತುದಿಯನ್ನು ತುಟಿಯಲ್ಲಿ ಒತ್ತದೆ ಊದಿದರೆ ಬರೀ ಗಾಳಿ. ಜಾಸ್ತಿ ಒತ್ತಿದರೆ ಉಸಿರೇ ಹೊರಗೆ ಹೋಗುವುದಿಲ್ಲ. ನಡುವೆ ಎಲ್ಲೋ ಒಂದು ಕಡೆ ಸ್ವರ ಹೊರಡುತ್ತದೆ. ಇಲ್ಲಿ ಆ ಒತ್ತುವ ಕೆಲಸ ನಾಲಿಗೆಯದು.

ಬೇಕಾಗುವ ಸಾಮಾನು

ಒಂದೇ ರೀಡಿನ ಅಥವಾ ಎರಡು ರೀಡಿನ ಕಾಲ್ ತಗೊಳ್ಳಿ. ಅಂಗಡಿಯಲ್ಲಿ ಮೂರು-ನಾಲ್ಕು ರೀಡಿನವು, ವಿ ಆಕಾರಕ್ಕೆ ಕತ್ತರಿಸಿದವು, ಬಾವಲಿ ರೆಕ್ಕೆಯ ಹಾಗೆ ಕತ್ತರಿಸಿದವು ಎಲ್ಲ ಸಾಲಾಗಿ ನೇತಾಡುತ್ತಿರುತ್ತವೆ. ಕತ್ತರಿಸಿದ ರೀಡಿನಿಂದ ಸ್ವರಕ್ಕೆ ಗೊಗ್ಗರು ಬರುತ್ತದೆ, ನಿಜ. ಆದರೆ ರೀಡ್ ಹೆಚ್ಚಿದಷ್ಟೂ ಅದನ್ನು ಅದುರಿಸಲು ಗಾಳಿ ಜಾಸ್ತಿ ಬೇಕು, ನಾಲಿಗೆಗೆ ಹದ ಸಿಗುವುದು ನಿಧಾನ. ಹತ್ತು ಡಾಲರ್ ಆಸುಪಾಸಿನ ಸರಳವಾದದ್ದು ಸಾಕು. ಎರಡು ತಗೊಳ್ಳಿ, ಒಂದನ್ನು ಕತ್ತರಿಸಿ ಹಾಳು ಮಾಡುವುದು ಖಂಡಿತ. ಬಾಯಿ ಚಿಕ್ಕದು ಅನ್ನಿಸುವವರಿಗೆ, ಮಕ್ಕಳಿಗೆ ಸಣ್ಣ ಫ್ರೇಮಿನವು ಬೇರೆ ಸಿಗುತ್ತವೆ.

ಜೊತೆಗೆ ಉಗುರು ಕತ್ತರಿಸುವಂಥ ಸಣ್ಣ ಕತ್ತರಿ, ಚಪ್ಪಟೆ ಟೂತ್‌ಪಿಕ್, ಒಂದು ಕನ್ನಡಿ, ರೆಕಾರ್ಡ್ ಮಾಡಲು ಫೋನ್, ಕಾಲ್ ಇಡಲು ತೂತಿರುವ ಸಣ್ಣ ಡಬ್ಬಿ.

ಕೊಳ್ಳುವ ಮೊದಲೇ ಒಂದು ಎಚ್ಚರಿಕೆ. ರಬ್ಬರ್ ಗ್ಲೌಸ್ ಹಾಕಿದಾಗ ಕೈ ಕೆಂಪಾಗುವುದು, ಬಲೂನ್ ಊದಿದಾಗ ತುಟಿ ತುರಿಸುವುದು ನಿಮಗೆ ಉಂಟಾ? ಹಾಗಿದ್ದರೆ ಲೇಟೆಕ್ಸ್ ಅಲರ್ಜಿ ಇರಬಹುದು. ಇದನ್ನು ಬಾಯಿಗೆ ಇಡಲೇಬೇಡಿ, ಸ್ಲೇಟ್ ಕಾಲಿನಲ್ಲೇ ಇರಿ. ಹಲ್ಲಿನ ಸೆಟ್ ಹಾಕಿಕೊಂಡವರಿಗೂ ಟೇಪ್ ಸರಿಯಾಗಿ ಕೂರುವುದು ಕಷ್ಟ.

ಹಂತ 1: ಬಾಯಿಗೆ ಹೊಂದಿಸುವುದು

ಹೊಸ ಕಾಲನ್ನು ಮೊದಲು ತಣ್ಣೀರಿನಲ್ಲಿ ತೊಳೆಯಿರಿ. ಲಾಳದ ತೆರೆದ ಬಾಯಿ, ಅಂದರೆ ರೀಡಿನ ಅಂಚು ಕಾಣುವ ಕಡೆ, ನಿಮ್ಮ ಮುಂದಿನ ಹಲ್ಲಿನ ಕಡೆಗಿರಬೇಕು. ಎರಡು ರೀಡ್ ಇದ್ದು ಒಂದು ಗಿಡ್ಡವಾಗಿದ್ದರೆ, ಸಾಮಾನ್ಯವಾಗಿ ಗಿಡ್ಡದ್ದು ನಾಲಿಗೆಯ ಕಡೆಗೆ ಬರುತ್ತದೆ. ಪ್ಯಾಕೆಟ್ ಮೇಲೆ ಚಿತ್ರ ಇರುತ್ತದೆ, ಎಸೆಯುವ ಮೊದಲು ನೋಡಿ. ತಲೆಕೆಳಗಾಗಿ ಇಟ್ಟುಕೊಂಡು ಒಂದು ವಾರ ಒದ್ದಾಡಿದವರನ್ನು ಕಂಡಿದ್ದೇನೆ.

ಫ್ರೇಮಿನ ಎರಡೂ ತೋಳುಗಳನ್ನು ಹೆಬ್ಬೆರಳಿಂದ ತುಸುವೇ ಕೆಳಕ್ಕೆ ಬಗ್ಗಿಸಿ. ನಮ್ಮ ಅಂಗುಳ ಚಪ್ಪಟೆಯಲ್ಲ, ಗುಮ್ಮಟದ ಹಾಗಿದೆ. ಫ್ರೇಮೂ ಹಾಗೇ ಬಾಗಬೇಕು. ಇನ್ನು ಎಲ್ಲಿಡುವುದು? ‘ಟ’ ಅನ್ನಿ. ನಾಲಿಗೆಯ ತುದಿ ತಾಗಿದ ಜಾಗ ಇದೆಯಲ್ಲ, ಕಾಲಿನ ಮುಂದಿನ ಅಂಚು ಹೆಚ್ಚುಕಡಿಮೆ ಅಲ್ಲಿ ಬರಬೇಕು. ಮುಂದಿನ ಹಲ್ಲಿಂದ ಸುಮಾರು ಅರ್ಧ ಇಂಚು ಹಿಂದೆ. ನಾಲಿಗೆಯಿಂದ ಮೇಲಕ್ಕೆ ಒತ್ತಿ ಕೂರಿಸಿ.

ಟೇಪ್ ಅಗಲವಾಗಿದ್ದರೆ ಅಂಚು ಹಲ್ಲಿಗೆ ಬಡಿದು ಮಡಚಿಕೊಳ್ಳುತ್ತದೆ. ಆಗ ಕತ್ತರಿ ಬೇಕು. ಇಲ್ಲಿಯೇ ಎಲ್ಲರೂ ಆತುರ ಬೀಳುವುದು. ಒಂದು ಸಲಕ್ಕೆ ಉಗುರಿನ ಬಿಳಿ ಅಂಚಿನಷ್ಟು ಮಾತ್ರ ಕತ್ತರಿಸಿ, ಎರಡೂ ಪಕ್ಕ ಸಮ. ಬಾಯಿಗಿಟ್ಟು ನೋಡಿ. ಮತ್ತೆ ಬೇಕಾದರೆ ಮತ್ತಷ್ಟು. ನನ್ನ ಮೊದಲ ಕಾಲನ್ನು ನಾನು ಒಂದೇ ಸಲಕ್ಕೆ ಫ್ರೇಮಿನ ತನಕ ಕತ್ತರಿಸಿದ್ದೆ. ಎರಡೂ ಬದಿಯಿಂದ ಗಾಳಿ ಸೋರಿ, ಪಂಕ್ಚರ್ ಆದ ಸೈಕಲ್ ಟ್ಯೂಬಿನ ಹಾಗೆ ಸುಯ್ ಅನ್ನುತ್ತಿತ್ತು. ಕತ್ತರಿಸಿದ ಟೇಪನ್ನು ತಿರುಗಿ ಅಂಟಿಸಲು ಆಗುವುದಿಲ್ಲ.

ಸರಿಯಾಗಿ ಕೂತಿದೆಯಾ ಅಂತ ನೋಡಲು ಬಾಯಿ ತುಸು ತೆರೆದು ನಾಲಿಗೆ ಕೆಳಗಿಳಿಸಿ. ಕಾಲ್ ಒಂದು ಕ್ಷಣವಾದರೂ ಅಂಗುಳಕ್ಕೆ ಅಂಟಿಕೊಂಡು ನಿಂತರೆ ಅಳತೆ ಸರಿ. ಬೀಳುವಾಗ ಒಂದೇ ಪಕ್ಕಕ್ಕೆ ವಾಲಿದರೆ ಆ ಪಕ್ಕದಲ್ಲಿ ಟೇಪ್ ಸರಿಯಾಗಿ ಕೂತಿಲ್ಲ, ಕನ್ನಡಿಯಲ್ಲಿ ನೋಡಿ.

ಹಂತ 2: ಓಕರಿಕೆ ಕಳೆಯುವುದು

ಕೆಲವರಿಗೆ ಇದು ಬರುವುದೇ ಇಲ್ಲ. ಕೆಲವರಿಗೆ ಬಾಯಿಗಿಟ್ಟ ಕೂಡಲೇ ವಾಕರಿಕೆ. ನಾಚಿಕೆಯೇನಿಲ್ಲ, ಕಿರುನಾಲಿಗೆಯ ಹತ್ತಿರ ಏನೇ ತಾಗಿದರೂ ಗಂಟಲು ಹಾಗೆ ಮಾಡುತ್ತದೆ. ಕಾಲನ್ನು ಮುಂದಕ್ಕೆ ತನ್ನಿ. ಆಗಲೂ ಬಂದರೆ ಹಿಂದಿನ ಟೇಪನ್ನು ಚೂರು ಕತ್ತರಿಸಿ.

ಆಮೇಲೆ ಅಭ್ಯಾಸ. ಟಿವಿ ನೋಡುತ್ತಾ, ಪಾತ್ರೆ ತೊಳೆಯುತ್ತಾ ಸುಮ್ನೆ ಬಾಯಲ್ಲಿಟ್ಟುಕೊಂಡಿರಿ. ಕೂಗುವುದು ಬೇಡ. ಮೊದಲ ದಿನ ಎರಡು ನಿಮಿಷ, ಮರುದಿನ ಐದು. ಮೂಗಿನಿಂದ ಉಸಿರಾಡಿ. ಒಂದು ವಾರದಲ್ಲಿ ಬಾಯಿ ಅದನ್ನು ಮರೆಯುತ್ತದೆ. ಮಲಗಿಕೊಂಡು, ನಡೆಯುತ್ತಾ, ಗಾಡಿ ಓಡಿಸುತ್ತಾ ಮಾತ್ರ ಬೇಡ. ಒಂದು ಕೆಮ್ಮು ಬಂದು, ಅದು ಗಂಟಲಿಗೆ ಇಳಿದರೆ ಕಥೆ ಬೇರೆಯಾಗುತ್ತದೆ. ಮನೆಯಲ್ಲಿ ಸಣ್ಣ ಮಕ್ಕಳಿದ್ದರೆ ಕೈಗೆ ಸಿಗದ ಹಾಗಿಡಿ.

ಹಂತ 3: ಮೊದಲ ‘ಶ್’, ಆಮೇಲೆ ಒಂದೇ ಸ್ವರ

ಇಡೀ ಕಲಿಕೆಯಲ್ಲಿ ಮುಖ್ಯವಾದದ್ದು ಇದು. ಎರಡು ವಾರ ಹಿಡಿದರೂ ಇಲ್ಲೇ ನಿಲ್ಲಿ.

ಕನ್ನಡದವರಿಗೆ ಇಲ್ಲಿ ಒಂದು ಅನುಕೂಲ ಇದೆ. ಶಾಲೆಯಲ್ಲಿ ಮೇಷ್ಟ್ರು ‘ಶ’ ಬೇರೆ ‘ಷ’ ಬೇರೆ ಅಂತ ತಲೆ ಚಚ್ಚಿಕೊಂಡದ್ದು ನೆನಪಿದೆಯಾ? ‘ಷ’ ಅನ್ನುವಾಗ ನಾಲಿಗೆಯ ತುದಿ ಮೇಲಕ್ಕೆ ಮಡಚಿಕೊಳ್ಳುತ್ತದೆ. ‘ಶ’ ಅನ್ನುವಾಗ ತುದಿ ಕೆಳಗೇ ಇದ್ದು ನಾಲಿಗೆಯ ನಡುಭಾಗ ಅಂಗುಳದ ಹತ್ತಿರಕ್ಕೆ ಏಳುತ್ತದೆ. ನಮಗೆ ಬೇಕಾದದ್ದು ಶಂಖದ ‘ಶ’. ನಾಲಿಗೆಯ ತುದಿ ಕೆಳಹಲ್ಲಿನ ಹಿಂದೆ ಹಾಯಾಗಿರಲಿ. ನಡುಭಾಗ ಮೇಲೆದ್ದು ರೀಡಿಗೆ ಮೆಲ್ಲಗೆ ತಾಗಲಿ.

ಈಗ ಕಾಲ್ ಬಾಯಲ್ಲಿಟ್ಟು ‘ಶ್‌ಶ್‌ಶ್’ ಅನ್ನಿ, ಮಲಗಿದ ಮಗುವಿನ ಪಕ್ಕ ಗಲಾಟೆ ಮಾಡುವವರನ್ನು ಸುಮ್ಮನಿರಿಸುವ ಹಾಗೆ. ಗಾಳಿ ಹೊಟ್ಟೆಯಿಂದ ಬರಲಿ. ಕನ್ನಡಕದ ಗಾಜಿನ ಮೇಲೆ ಹಬೆ ಬಿಡುವಾಗ ‘ಹಾ’ ಅನ್ನುತ್ತೇವಲ್ಲ, ಆ ಉಸಿರು. ಮೇಣದಬತ್ತಿ ಆರಿಸುವ ‘ಉಫ್’ ಅಲ್ಲ. ಕೆನ್ನೆ ಉಬ್ಬಿದರೆ ಆ ಪ್ರಯತ್ನ ತಪ್ಪು, ನಿಲ್ಲಿಸಿ ಮತ್ತೆ ಶುರು ಮಾಡಿ. ಕನ್ನಡಿ ತರಲು ಹೇಳಿದ್ದು ಇದಕ್ಕೇ.

ಮೊದಲು ಬರೀ ಗಾಳಿ ಬರುತ್ತದೆ. ಉಸಿರನ್ನು ಹಾಗೇ ಬಿಡುತ್ತಾ, ನಾಲಿಗೆಯ ಒತ್ತಡವನ್ನು ಮಾತ್ರ ಕೂದಲೆಳೆಯಷ್ಟು ಹೆಚ್ಚಿಸುತ್ತಾ ಹೋಗಿ. ಎಲ್ಲೋ ಒಂದು ಕಡೆ ರೀಡ್ ಹಿಡಿದುಕೊಂಡು ‘ಕೀ’ ಅನ್ನುತ್ತದೆ. ನಾಲಿಗೆ ಜುಮ್ಮೆನ್ನುತ್ತದೆ, ಕಚಗುಳಿ ಇಟ್ಟ ಹಾಗೆ. ನಗು ಬಂದು ಕಾಲ್ ಹೊರಗೆ ಬೀಳುತ್ತದೆ. ಎಲ್ಲರಿಗೂ ಆಗುವುದೇ, ಮೂರು-ನಾಲ್ಕು ದಿನಕ್ಕೆ ಕಚಗುಳಿ ಹೋಗುತ್ತದೆ.

ಆ ‘ಕೀ’ಯನ್ನು ಐದು ಸೆಕೆಂಡ್ ಅಲುಗದೆ ಹಿಡಿಯಿರಿ. ಸಂಗೀತ ಕಲಿಯುವವರು ಷಡ್ಜ ಹಿಡಿಯುವ ಹಾಗೆ. ಬಂದ ಮೇಲೆ, ಉಸಿರು ಅಷ್ಟೇ ಇಟ್ಟು ಒತ್ತಡ ಸಡಿಲಿಸಿ, ಸ್ವರ ಕೆಳಗಿಳಿಯುತ್ತದೆ. ಒತ್ತಿ, ಮೇಲೇರುತ್ತದೆ. ಮೇಲೆ, ಕೆಳಗೆ, ಮೇಲೆ. ಇದು ಕೈವಶವಾದರೆ ಮುಂದಿನದೆಲ್ಲ ಸುಲಭ.

ಏನು ಕೇಳಿಸುತ್ತಿದೆ ಅನ್ನುವುದರಿಂದಲೇ ತಪ್ಪು ಎಲ್ಲಿದೆ ಅಂತ ಹಿಡಿಯಬಹುದು:

- ಬರೀ ಪುಸ್: ಒತ್ತಡ ಸಾಲದು, ಇಲ್ಲವೇ ಟೇಪಿನ ಪಕ್ಕದಲ್ಲಿ ಸೋರುತ್ತಿದೆ.
- ಏನೂ ಇಲ್ಲ, ಉಸಿರೇ ಕಟ್ಟಿದೆ: ಒತ್ತಡ ಜಾಸ್ತಿ.
- ಕಿವಿ ಚುಚ್ಚುವ ಸೀಟಿ: ನಾಲಿಗೆ ಮುಂದೆ ಬಂದು ರೀಡಿನ ಅಂಚನ್ನೇ ಹಿಸುಕುತ್ತಿದೆ. ಸ್ವಲ್ಪ ಹಿಂದಕ್ಕೆಳೆಯಿರಿ.
- ಗುಂಯ್ ಅನ್ನುವ ಮನುಷ್ಯ ದನಿ: ನೀವು ಗಂಟಲಿನಿಂದ ದನಿ ಕೊಡುತ್ತಿದ್ದೀರಿ. ಗಂಟಲ ಮೇಲೆ ಬೆರಳಿಡಿ, ಅಲ್ಲಿ ಅದುರಬಾರದು. ಗುಟ್ಟು ಹೇಳುವಾಗ ಬಿಡುವ ಉಸಿರಷ್ಟೇ ಸಾಕು.

ದಿನಕ್ಕೆ ಹತ್ತು ನಿಮಿಷ ಮಾಡಿ. ಭಾನುವಾರ ಒಟ್ಟಿಗೆ ಒಂದು ಗಂಟೆ ಕೂತರೆ ದವಡೆ ನೋಯುವುದೇ ಬಂತು. ಅಂಗುಳ ಉರಿದರೆ, ಉಗುಳಿನಲ್ಲಿ ಕೆಂಪು ಕಂಡರೆ ಎರಡು ದಿನ ಬಿಡಿ, ಫ್ರೇಮಿನ ಲೋಹ ಟೇಪಿನಿಂದ ಹೊರಗೆ ಬಂದಿದೆಯಾ ನೋಡಿ. ಬಂದಿದ್ದರೆ ಬಿಸಾಡಿ.

ಹಂತ 4: ಯೆಲ್ಪ್

ಹೆಂಟೆಯ ಮೂಲ ಮಾತು ಇದು. ಇದೊಂದು ಚೆನ್ನಾಗಿ ಬಂದರೆ ಹುಂಜ ಬರುತ್ತದೆ. ಯೆಲ್ಪಿನಲ್ಲಿ ಎರಡು ಭಾಗ: ಮೊದಲು ತೆಳ್ಳಗೆ ಮೇಲಿನ ಸ್ವರ, ಕೂಡಲೇ ಗೊಗ್ಗರಾದ ಕೆಳಗಿನ ಸ್ವರ. ಬಾಯಲ್ಲಿ ‘ಚ್ಯಾಕ್’ ಅನ್ನಿ, ಗುಟ್ಟು ಹೇಳುವ ಉಸಿರಿನಲ್ಲಿ. ‘ಚೀ’ಯಿಂದ ‘ಯಾ’ಕ್ಕೆ ಜಾರುವಾಗ ಕೆಳದವಡೆ ತಾನಾಗಿ ಇಳಿಯುತ್ತದೆ, ನಾಲಿಗೆಯ ಒತ್ತಡ ಸಡಿಲವಾಗುತ್ತದೆ. ಹಂತ 3ರಲ್ಲಿ ಮೇಲೆ-ಕೆಳಗೆ ಮಾಡಿದಿರಲ್ಲ, ಅದನ್ನೇ ಚುರುಕಾಗಿ ಮಾಡಿದರೆ ಯೆಲ್ಪ್.

ಮೊದಲು ಎಳೆದು ಮಾಡಿ: ಚೀ... ಯಾಕ್. ಎರಡೂ ಸ್ವರ ಬೇರೆಬೇರೆಯಾಗಿ ಕೇಳಬೇಕು. ಆಮೇಲೆ ನಡುವಿನ ಜಾಗ ಕಡಿಮೆ ಮಾಡುತ್ತಾ ಬನ್ನಿ. ಒಂದು ಯೆಲ್ಪ್ ಚೊಕ್ಕವಾಗಿ ಬಂದ ಮೇಲೆ ಐದನ್ನು ಸಾಲಾಗಿ ಹೇಳಿ, ಸೆಕೆಂಡಿಗೆ ಎರಡು-ಮೂರರ ಹಾಗೆ.

ಸ್ವರಕ್ಕಿಂತ ಲಯ ದೊಡ್ಡದು. ಇದನ್ನು ಹೇಳಿದರೆ ಯಾರೂ ನಂಬುವುದಿಲ್ಲ. ಕಾಡಿನಲ್ಲಿ ಕೂತು ಕೇಳಿ: ಕೆಲವು ಹೆಂಟೆಗಳ ದನಿ ಎಷ್ಟು ಕರ್ಕಶ ಅಂದರೆ, ಸ್ಪರ್ಧೆಯಲ್ಲಿ ಕೂಗಿದ್ದರೆ ಮೊದಲ ಸುತ್ತಿನಲ್ಲೇ ಔಟ್. ಆದರೆ ಅವುಗಳ ತಾಳ ತಪ್ಪುವುದಿಲ್ಲ. ತಕಧಿಮಿ ತಕಧಿಮಿ ಅಂತ ಒಂದೇ ಕಾಲದಲ್ಲಿ ಹೋಗುತ್ತದೆ. ಹೊಸಬರು ಮೊದಲೆರಡು ನಿಧಾನ ಹೇಳಿ ಕೊನೆಗೆ ಉಸಿರು ಸಾಲದೆ ಓಡುತ್ತಾರೆ. ತೊಡೆಯ ಮೇಲೆ ಬೆರಳಲ್ಲಿ ತಾಳ ಹಾಕಿಕೊಂಡು ಕಲಿಯಿರಿ.

ಹೇಗಿರಬೇಕು ಅಂತ ತಿಳಿಯಲು ಬೇಟೆಗಾರರ ವಿಡಿಯೋ ನೋಡಬೇಡಿ, ನಿಜವಾದ ಹೆಂಟೆಯನ್ನು ಕೇಳಿ. ಕಾರ್ನೆಲ್ ವಿಶ್ವವಿದ್ಯಾಲಯದ ಮೆಕಾಲೆ ಲೈಬ್ರರಿಯಲ್ಲಿ ಕಾಡು ಟರ್ಕಿಯ ಧ್ವನಿಮುದ್ರಣಗಳಿವೆ. ನ್ಯಾಷನಲ್ ವೈಲ್ಡ್ ಟರ್ಕಿ ಫೆಡರೇಷನ್ ಕೂಡ ಒಂದೊಂದು ಕೂಗನ್ನೂ ಬೇರೆಬೇರೆಯಾಗಿ ಕೇಳಿಸುತ್ತದೆ. ಹತ್ತು ಸಲ ಕೇಳಿ, ಒಂದು ಸಲ ಕೂಗಿ.

ನಿಮ್ಮ ಕೂಗನ್ನು ರೆಕಾರ್ಡ್ ಮಾಡುವಾಗ ಫೋನನ್ನು ಕೈಯಲ್ಲಿ ಹಿಡಿಯಬೇಡಿ. ಮೂವತ್ತು ಹೆಜ್ಜೆ ದೂರದಲ್ಲಿ ಮರದ ಬುಡಕ್ಕೆ ಇಟ್ಟು ಬನ್ನಿ. ಬಾಯಲ್ಲಿರುವ ಸದ್ದು ತಲೆಬುರುಡೆಯ ಮೂಲಕವೂ ಕಿವಿಗೆ ಬರುವುದರಿಂದ ನಿಮಗೆ ಕೇಳುವುದೇ ಬೇರೆ, ಹುಂಜಕ್ಕೆ ಕೇಳುವುದೇ ಬೇರೆ. ನನಗೆ ಚೆನ್ನಾಗಿದೆ ಅನ್ನಿಸಿದ್ದು ಫೋನಿನಲ್ಲಿ ಬಾಗಿಲ ಕೀಲು ಕಿರುಗುಟ್ಟಿದ ಹಾಗೆ ಕೇಳಿತ್ತು.

ಹಂತ 5: ಕ್ಲಕ್, ಮತ್ತು ಅದರ ಕೆಟ್ಟ ತಮ್ಮ ಪಟ್

ಕ್ಲಕ್ ಅಂದರೆ ಗಿಡ್ಡನೆಯ ಒಂದೇ ಸ್ವರ. ತುಟಿ ಮುಚ್ಚಿ ‘ಪಕ್’ ಅಂತ ಬಿಡಿ, ಗಾಳಿ ಒಡೆದು ಹೊರಬಂದು ಅಲ್ಲೇ ನಿಲ್ಲಬೇಕು. ಕೊನೆಯ ‘ಕ್’ ಮುಖ್ಯ, ಅಲ್ಲಿ ಉಸಿರು ಕತ್ತರಿಸಿ ಹೋಗಬೇಕು. ಒಂದು ಕ್ಲಕ್, ಎರಡು ಸೆಕೆಂಡ್ ಬಿಟ್ಟು ಇನ್ನೊಂದು. ಮೇಯುತ್ತಿರುವ ಹೆಂಟೆ ‘ನಾನಿಲ್ಲಿದ್ದೀನಿ, ನೀನೆಲ್ಲಿ?’ ಅನ್ನುವ ಮಾತು.

ಇದನ್ನೇ ಮೊನಚಾಗಿ, ಗಟ್ಟಿಯಾಗಿ, ಗಾಬರಿಯಲ್ಲಿ ಹೇಳಿದರೆ ಅದು ಪಟ್. ‘ಅಪಾಯ, ಓಡಿ’ ಅಂತ ಅರ್ಥ. ಎರಡರ ನಡುವಿನ ಗೆರೆ ತೆಳು. ಹಾಗಾಗಿ ಕ್ಲಕ್ಕನ್ನು ಯಾವಾಗಲೂ ಮೆತ್ತಗೆ ಹೇಳಿ, ಒಂದರ ಹಿಂದೆ ಒಂದು ಸುರಿಯಬೇಡಿ. ಅನುಮಾನ ಇದ್ದರೆ ಒಂದು ಕ್ಲಕ್ ಹಿಂದೆಯೇ ಮೂರು ಮೆತ್ತನೆಯ ಯೆಲ್ಪ್ ಸೇರಿಸಿ.

ಹಂತ 6: ಉಳಿದ ಕೂಗುಗಳು

ಕಟಿಂಗ್ ಅಂದರೆ ಕ್ಲಕ್ಕುಗಳನ್ನೇ ಜೋರಾಗಿ, ತಾಳವಿಲ್ಲದೆ, ಜಗಳಗಂಟಿಯ ಹಾಗೆ ಉದುರಿಸುವುದು. ಚೆನ್ನಾಗಿ ಬಂದರೆ ಸುಮ್ಮನಿದ್ದ ಹುಂಜವೂ ಉತ್ತರ ಕೊಡುತ್ತದೆ. ಕೆಟ್ಟದಾಗಿ ಬಂದರೆ ಹಕ್ಕಿ ಆ ಗುಡ್ಡವನ್ನೇ ಬಿಟ್ಟು ಹೋಗುತ್ತದೆ. ಎರಡನೇ ವರ್ಷಕ್ಕಿರಲಿ.

ಪರ್ ಅನ್ನುವುದು ಮೇಯುವಾಗಿನ ನೆಮ್ಮದಿಯ ಗುರ್‌ಗುರ್. ಮಗು ಬುರ್ರ್ ಅಂತ ತುಟಿ ಅದುರಿಸುತ್ತದಲ್ಲ, ಆ ತರಹ ತುಟಿಯನ್ನು ಅದುರಿಸುತ್ತಾ ತೀರ ಕಡಿಮೆ ಉಸಿರಿನಲ್ಲಿ ಕೆಳಸ್ವರ ಹೊರಡಿಸಬೇಕು. ತಿಂಗಳುಗಟ್ಟಲೆ ಬೇಕು. ಸ್ಲೇಟ್ ಕಾಲಿನಲ್ಲಿ ಇದೇ ಸದ್ದು ಒಂದು ನಿಮಿಷದಲ್ಲಿ ಬರುತ್ತದೆ, ಹಾಗಾಗಿ ನಾನು ಇದಕ್ಕಾಗಿ ತಲೆ ಕೆಡಿಸಿಕೊಂಡಿಲ್ಲ.

ಕೀ-ಕೀ ಅಂತ ಸೀಟಿಯಂಥ ಇನ್ನೊಂದು ಇದೆ. ಗುಂಪು ತಪ್ಪಿದ ಮರಿಗಳ ಕೂಗು, ಶರತ್ಕಾಲದ ಬೇಟೆಗೆ ಬೇಕಾದದ್ದು. ಇನ್ನು ಹುಂಜದ ಕೂಗು, ಗಾಬಲ್: ಕಾಡಿನಲ್ಲಿ ಅದನ್ನು ಅನುಕರಿಸಲೇಬೇಡಿ. ಪೊದೆಯಾಚೆ ಇನ್ನೊಬ್ಬ ಬೇಟೆಗಾರ ಇದ್ದರೆ ಅವನು ನಿಮ್ಮ ಕಡೆಗೇ ತಿರುಗುತ್ತಾನೆ.

ಹಂತ 7: ಕಾಡಿಗೆ ಹೋಗುವ ಮೊದಲು

ಮೊದಲು ಕಾಗದಪತ್ರ. ರಾಜ್ಯದ ಬೇಟೆ ಲೈಸೆನ್ಸ್, ಹೊಡೆದ ಹಕ್ಕಿಗೆ ಕಟ್ಟುವ ಟರ್ಕಿ ಟ್ಯಾಗ್, ಹೊಸಬರಾದರೆ ಹಂಟರ್ ಎಜುಕೇಷನ್ ಕೋರ್ಸ್. ದಿನಾಂಕ, ಬೇಟೆ ನಿಲ್ಲಿಸಬೇಕಾದ ಹೊತ್ತು, ಯಾವ ಹಕ್ಕಿ ಹೊಡೆಯಬಹುದು ಅನ್ನುವುದು ರಾಜ್ಯದಿಂದ ರಾಜ್ಯಕ್ಕೆ ಬೇರೆ. ಆ ವರ್ಷದ ನಿಯಮಪುಸ್ತಕವನ್ನೇ ನೋಡಿ. ಪೆನ್ಸಿಲ್ವೇನಿಯಾದಲ್ಲಿ ವಸಂತದಲ್ಲಿ ಎದೆಯಿಂದ ಗಡ್ಡ, ಅಂದರೆ ಕೂದಲಿನಂಥ ಗರಿಗಳ ಗೊಂಚಲು, ಜೋತಾಡುವ ಹಕ್ಕಿಗೆ ಮಾತ್ರ ಅವಕಾಶ, ಅದೂ ಕರೆದು ಬರಿಸಿಕೊಂಡು. ಸದ್ದು ಹಿಡಿದು ನುಸುಳಿಕೊಂಡು ಹೋಗುವ ಹಾಗಿಲ್ಲ. ಫೋನಿನಲ್ಲಿ ಹೆಂಟೆಯ ರೆಕಾರ್ಡಿಂಗ್ ಹಾಕಿ ಕರೆಯುವುದು ಬಹಳ ರಾಜ್ಯಗಳಲ್ಲಿ ಅಪರಾಧ.

ನಮ್ಮವರಿಗೆ ವಿಶೇಷವಾಗಿ ಒಂದು ಮಾತು. ಎಚ್-1ಬಿಯಂಥ ತಾತ್ಕಾಲಿಕ ವೀಸಾದಲ್ಲಿರುವವರು ಬಂದೂಕು ಇಟ್ಟುಕೊಳ್ಳುವುದಕ್ಕೆ ಫೆಡರಲ್ ಕಾನೂನಿನ ನಿರ್ಬಂಧ ಇದೆ. ಚಾಲ್ತಿಯಲ್ಲಿರುವ ಬೇಟೆ ಲೈಸೆನ್ಸ್ ಇದ್ದರೆ ವಿನಾಯಿತಿಯೂ ಇದೆ. ಹಾಗಂತ ಗೆಳೆಯನ ಬಂದೂಕು ಹಿಡಿದು ಹೊರಡಬೇಡಿ, ವಕೀಲರನ್ನು ಕೇಳಿ ಮುಂದುವರಿಯಿರಿ. ಊರಲ್ಲಿ ಕೂತು ಓದುತ್ತಿರುವವರಿಗೆ ಹೇಳಬೇಕಾದ್ದೇ ಇಲ್ಲ: ಅಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇದೆ, ಕಾಡು ಟರ್ಕಿಯೂ ಇಲ್ಲ.

ಬಟ್ಟೆಯಲ್ಲಿ ಕೆಂಪು, ಬಿಳಿ, ನೀಲಿ ಎಲ್ಲೂ ಕಾಣಬಾರದು, ಕಾಲುಚೀಲ ಕರವಸ್ತ್ರ ಕೂಡ ಸೇರಿ. ಹುಂಜದ ತಲೆಯ ಬಣ್ಣಗಳು ಇವೇ. ಕೂರುವಾಗ ನಿಮ್ಮ ಭುಜಕ್ಕಿಂತ ದಪ್ಪನೆಯ ಮರಕ್ಕೆ ಬೆನ್ನು ಕೊಟ್ಟು ಕೂರಿ. ಓಡಾಡುವಾಗ ಕಿತ್ತಳೆ ಟೋಪಿ ಹಾಕಿ. ಇನ್ನೊಬ್ಬ ಬೇಟೆಗಾರ ನಿಮ್ಮ ಕಡೆ ಬರುತ್ತಿದ್ದರೆ ಕೈ ಬೀಸಬೇಡಿ, ಕಾಲ್ ಊದಬೇಡಿ. ಮನುಷ್ಯ ದನಿಯಲ್ಲಿ ಗಟ್ಟಿಯಾಗಿ ‘ಸ್ಟಾಪ್’ ಅನ್ನಿ. ಆವತ್ತಿನ ಬೇಟೆ ಕೆಟ್ಟರೆ ಕೆಡಲಿ.

ಹಂತ 8: ಕಾಡಿನಲ್ಲಿ

ಪ್ರಕೃತಿಯಲ್ಲಿ ನಡೆಯುವುದು ಉಲ್ಟಾ ಅನ್ನುವುದು ನೆನಪಿರಲಿ. ಹುಂಜ ಕೂಗುತ್ತದೆ, ಹೆಂಟೆ ಅದರ ಬಳಿ ಹೋಗುತ್ತದೆ. ನೀವು ಕೇಳುತ್ತಿರುವುದು ಅದರ ಪದ್ಧತಿ ಮುರಿದು ಬಾ ಅಂತ. ಹಾಗಾಗಿ ಜಾಸ್ತಿ ಕೂಗಿದಷ್ಟೂ ಅದು ‘ಇವಳೇ ಬರುತ್ತಾಳೆ’ ಅಂತ ನಿಂತಲ್ಲೇ ಗರಿ ಬಿಚ್ಚಿಕೊಂಡು ನಿಲ್ಲುತ್ತದೆ.

ಟರ್ಕಿಗಳು ರಾತ್ರಿ ಮರದ ಮೇಲೆ ಕಳೆಯುತ್ತವೆ. ಹುಂಜ ಮಲಗಿದ ಮರದಿಂದ ನೂರು ಗಜದಷ್ಟು ದೂರದಲ್ಲಿ, ಕತ್ತಲಿರುವಾಗಲೇ ಸದ್ದಿಲ್ಲದೆ ಕೂರಬೇಕು. ಕೂತ ಮೇಲೆ, ಕೂಗುವ ಹತ್ತು ನಿಮಿಷ ಮುಂಚೆ ಕಾಲನ್ನು ಬಾಯಿಗೆ ಹಾಕಿ ನೆನೆಸಿಕೊಳ್ಳಿ, ಬೆಳಗಿನ ಚಳಿಗೆ ಒಣಗಿದ ರೀಡ್ ಗಡುಸಾಗಿರುತ್ತದೆ. ಬೆಳಕು ಹರಿಯುವಾಗ ಮೂರು-ನಾಲ್ಕು ತೀರ ಮೆತ್ತನೆಯ ಯೆಲ್ಪ್, ನಿದ್ದೆಗಣ್ಣಿನ ಹೆಂಟೆಯ ಹಾಗೆ. ಹುಂಜ ಉತ್ತರ ಕೊಟ್ಟಿತಾ? ಬಾಯಿ ಮುಚ್ಚಿ ಕೂರಿ. ನೀವೆಲ್ಲಿದ್ದೀರಿ ಅಂತ ಅದಕ್ಕೆ ಗೊತ್ತಾಗಿದೆ. ಹೊಸಬರಿಗೆ ಇದೇ ಕಷ್ಟ, ಉತ್ತರ ಬಂದ ಖುಷಿಯಲ್ಲಿ ಮತ್ತೆ ಮತ್ತೆ ಕೂಗುತ್ತಾರೆ.

ಮರದಿಂದ ಇಳಿದ ಮೇಲೆ ಹತ್ತು-ಹದಿನೈದು ನಿಮಿಷಕ್ಕೊಮ್ಮೆ ಐದಾರು ಯೆಲ್ಪ್, ನಡುವೆ ಒಂದೆರಡು ಕ್ಲಕ್. ದೂರದ ಕರೆಗೆ ಬಾಕ್ಸ್ ಅಥವಾ ಸ್ಲೇಟ್ ಬಳಸಿ, ಹತ್ತಿರವಾದಾಗ ಅವನ್ನು ಕೆಳಗಿಟ್ಟು ಬಾಯಿಗೆ ಬನ್ನಿ. ಅರವತ್ತು-ಎಪ್ಪತ್ತು ಗಜದಲ್ಲಿ ನಿಂತುಬಿಟ್ಟರೆ ಸ್ವರ ಏರಿಸಬೇಡಿ, ಒಂದೇ ಒಂದು ಕ್ಲಕ್ ಹೇಳಿ. ಅಂಗೈಯಿಂದ ಪಕ್ಕದ ತರಗೆಲೆ ಕೆದಕಿದರೆ ಇನ್ನೂ ಒಳ್ಳೆಯದು, ಆದರೆ ಹುಂಜದ ತಲೆ ಮರದ ಹಿಂದೆ ಇದ್ದಾಗ ಮಾತ್ರ. ನಲವತ್ತು ಗಜದೊಳಗೆ ಬಂದು, ಗಡ್ಡ ಕಣ್ಣಿಗೆ ಸ್ಪಷ್ಟವಾಗಿ ಕಂಡು, ಹಿಂದೆ ಯಾರೂ ಇಲ್ಲ ಅನ್ನುವುದು ಖಾತ್ರಿಯಾದ ಮೇಲೆ ಮುಂದಿನ ಮಾತು.

ನನ್ನದೊಂದು ಕಥೆ ಹೇಳಿಬಿಡುತ್ತೇನೆ. ಎರಡನೇ ವರ್ಷ. ಎದುರಿಗೆ ಓಕ್ ಮರಗಳ ಇಳಿಜಾರು, ಒಂದು ಹುಂಜ ಮೇಲಿಂದ ಇಳಿದು ಬರುತ್ತಿದೆ. ಬಿದ್ದ ಮರವೊಂದರ ಆಚೆ ನಿಂತಿತು. ಕತ್ತು ನೀಳ ಮಾಡಿ ಈ ಕಡೆ ನೋಡಿತು. ಬಂದೂಕು ಮೊಣಕಾಲ ಮೇಲೆ, ಒಂದು ಮೆತ್ತನೆಯ ಕ್ಲಕ್ ಸಾಕು. ‘ಪಕ್’ ಅಂದೆ. ಸದ್ದೇ ಇಲ್ಲ. ಇನ್ನೊಮ್ಮೆ. ಬರೀ ಪುಸ್. ಅರ್ಧ ಗಂಟೆ ಹಿಂದೆ ಫ್ಲಾಸ್ಕಿನಿಂದ ಎರಡು ಚಮಚ ಸಕ್ಕರೆ ಹಾಕಿದ ಫಿಲ್ಟರ್ ಕಾಫಿ ಕುಡಿದಿದ್ದೆ, ಕಾಲನ್ನು ಕೆನ್ನೆಯ ಮೂಲೆಗೆ ತಳ್ಳಿಕೊಂಡು. ಸಕ್ಕರೆಗೆ ಎರಡೂ ರೀಡ್ ಒಂದಕ್ಕೊಂದು ಅಂಟಿದ್ದವು. ಮೂರನೇ ಸಲ ಜೋರಾಗಿ ತಳ್ಳಿದೆ. ಬಂದದ್ದು ಪಟ್. ಅದೂ ಎಂಥ ಪಟ್! ಹುಂಜ ತಿರುಗಿ, ಓಡಲೂ ಇಲ್ಲ, ಗತ್ತಿನಲ್ಲಿ ನಡೆದುಕೊಂಡೇ ಹೋಯಿತು.

ಕಾಲ್ ಬಾಯಲ್ಲಿರುವಾಗ ನೀರು ಬಿಟ್ಟು ಇನ್ನೇನೂ ಬೇಡ. ಕಾಫಿ, ಚೂಯಿಂಗ್ ಗಮ್, ಎಲೆ ಅಡಿಕೆ ಯಾವುದೂ.

ಹಂತ 9: ತೊಳೆದು ಎತ್ತಿಡುವುದು

ಪ್ರತಿ ಸಲ ಬಳಸಿದ ಮೇಲೆ ತಣ್ಣೀರಿನಲ್ಲಿ ತೊಳೆಯಿರಿ. ಬಿಸಿನೀರು, ಸೋಪು ಬೇಡ. ವಾರಕ್ಕೊಮ್ಮೆ ನೀರು ಬೆರೆಸಿದ ಮೌತ್‌ವಾಶ್‌ನಲ್ಲಿ ಅದ್ದಿ ತೆಗೆದರೆ ವಾಸನೆ ಹೋಗುತ್ತದೆ. ಒರೆಸಿ, ರೀಡುಗಳ ನಡುವೆ ಚಪ್ಪಟೆ ಟೂತ್‌ಪಿಕ್ ಮೆಲ್ಲಗೆ ಸೇರಿಸಿ ಒಣಗಲು ಬಿಡಿ, ಒಂದಕ್ಕೊಂದು ಅಂಟುವುದಿಲ್ಲ. ಚೂಪು ತುದಿಯದನ್ನು ಹಾಕಿದರೆ ರೀಡ್ ತೂತಾಗುತ್ತದೆ.

ಬಿಸಿಲು, ಶಾಖ ಲೇಟೆಕ್ಸಿನ ಶತ್ರುಗಳು. ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಒಂದು ಮಧ್ಯಾಹ್ನ ಬಿಟ್ಟರೆ ಆ ಕಾಲ್ ಮುಗಿಯಿತು. ರೀಡಿನ ಅಂಚು ಸುಕ್ಕಾಗಿದ್ದರೆ, ಎಳೆ ಬಿಟ್ಟಿದ್ದರೆ, ನಿನ್ನೆ ಬರುತ್ತಿದ್ದ ಮೇಲಿನ ಸ್ವರ ಇವತ್ತು ಎಷ್ಟು ಒತ್ತಿದರೂ ಬಾರದಿದ್ದರೆ ನಿಮ್ಮ ನಾಲಿಗೆಯನ್ನು ಬೈಯಬೇಡಿ, ಹೊಸದು ತಗೊಳ್ಳಿ. ಚೆನ್ನಾಗಿ ನೋಡಿಕೊಂಡರೂ ಒಂದು ಸೀಸನ್‌ಗೆ ಒಂದು ಅಂತಲೇ ಲೆಕ್ಕ.

ಸೀಸನ್ ಮುಗಿದ ಮೇಲೆ ಪೂರ್ತಿ ಒಣಗಿಸಿ, ಟೂತ್‌ಪಿಕ್ ಸಮೇತ ಡಬ್ಬಿಗೆ ಹಾಕಿ ಫ್ರಿಜ್ಜಿನಲ್ಲಿಡಿ. ಡಬ್ಬಿಯ ಮೇಲೆ ಏನಿದೆ ಅಂತ ದೊಡ್ಡದಾಗಿ ಬರೆದಿಡಿ. ನಮ್ಮ ಮನೆಯಲ್ಲಿ ಬರೆಯದ ವರ್ಷ, ಮಾತ್ರೆ ಡಬ್ಬಿ ಹಳೇದಾಗಿದೆ ಅಂತ ಅತ್ತೆ ಮೂರು ಕಾಲನ್ನೂ ಕಸಕ್ಕೆ ಹಾಕಿದ್ದರು.